ಅಜ್ಜಿ ಆರಿಸಬೇಕಾದ ಗೌನು

ಇಂಚರಾ,

"ಸೊಳ್ಳೆ ಪರದೆ ಸುತ್ಕೊಂಡು ಮದುವೆ ಆಗ್ತಾಳಾ? ವಿಜಯವಾಡದ ಚರ್ಚಿಗೆ ನಾನಂತೂ ಬರಲ್ಲ" ಎಂದು ನಿನ್ನಜ್ಜಿ ಬೆಳಗ್ಗೆಯಿಂದ ಹಟ ಹಿಡಿದಿದ್ದಾರೆ. ನಾನು ಬ್ಯಾಂಕಿಗೆ ಹೊರಟೆ.

ಎರಡೂ ನೆಟ್ ಗೌನು ಮಂಚದ ಮೇಲಿವೆ. ಒಂದನ್ನು ಸಂಜೆಯೊಳಗೆ ಗಾಜುವಾಕದ ಅಂಗಡಿಗೆ ಹಿಂದಿರುಗಿಸಬೇಕು. ಡ್ಯೂಟಿಯಿಂದ ಬಂದವಳೇ ಅಜ್ಜಿಗೆ ಕಾಫಿ ಕೊಡು, ಆಮೇಲೆ ಎರಡನ್ನೂ ತೊಟ್ಟು ತೋರಿಸು. ನಿನಗೆ ಹಿಡಿಸಿದ ಲೇಸ್ ತೋಳಿನದನ್ನೇ "ಥೂ, ಚೆನ್ನಾಗಿಲ್ಲ" ಅನ್ನು. ನಿನಗೆ ಎದುರಾಡಲೆಂದೇ ಅದನ್ನು ಆರಿಸುತ್ತಾರೆ. ತಾವೇ ಆರಿಸಿದ ಮೇಲೆ ನೋಡಲು ಬರದೆ ಇರುತ್ತಾರಾ? ನನ್ನ ಧಾರೆ ಸೀರೆಯೂ ನನಗೆ ಹೀಗೇ ಸಿಕ್ಕಿದ್ದು. ನಗಬೇಡ, ಎಲ್ಲ ಕೆಟ್ಟುಹೋಗುತ್ತದೆ. ಓದಿದ ಮೇಲೆ ಚೀಟಿ ಹರಿದುಹಾಕು.

ಅಮ್ಮ

ಇನ್ನೊಂದು: ಚಪ್ಪಲಿ ಮೆಟ್ಟುತ್ತಾ ಕೋಣೆಯತ್ತ ನೋಡಿದೆ. ಅಜ್ಜಿ ನಿನ್ನ ಬಿಳಿ ಮುಸುಕನ್ನು ತಲೆಗೆ ಹೊದ್ದು, ಕನ್ನಡಿಯ ಮುಂದೆ ಅತ್ತಿತ್ತ ತಿರುಗುತ್ತಿದ್ದಾರೆ. ನಾನು ಕೆಮ್ಮದೆ ಹೊರಟೆ.