ನಾಲ್ಕು ಬೆರಳು ನೀರು

ಮಾರ್ಚ್ ೧೪, ಶುಕ್ರವಾರ

ಹೇಳಿಬಿಡಬೇಕಿತ್ತು.

ಬಸವನಹುಳು ನೀರಿನಿಂದ ಮೇಲೆ ಬಂದು ಗಾಜಿಗೆ ಮೊಟ್ಟೆ ಅಂಟಿಸುತ್ತದೆಂದೇ ಮಗಳು ಅಕ್ವೇರಿಯಂನಲ್ಲಿ ನಾಲ್ಕು ಬೆರಳು ನೀರು ಕಡಿಮೆ ಇಟ್ಟಿದ್ದಳು. ಭಾನುವಾರ ನಾದಿನಿ ಬರುವವಳಿದ್ದಳು. ಅರೆಬರೆ ತುಂಬಿದ ತೊಟ್ಟಿ ನೋಡಿದರೆ ಆಡಿಕೊಳ್ಳುತ್ತಾಳೆಂದು ಮಗಳು ದಿನವಿಡೀ ಹೊರಗೆ ಹೋಗಿದ್ದಾಗ ನಾನೇ ಅಂಚಿನವರೆಗೆ ನೀರು ಸುರಿದೆ. ನಾದಿನಿ ಹೋದಮೇಲೆ ಮಗ್ಗಿನಲ್ಲಿ ತೋಡಿ ತೆಗೆದೆ. ಅಷ್ಟರಲ್ಲಿ ಗಾಜಿಗಂಟಿದ್ದ ಗುಲಾಬಿ ಬಣ್ಣದ ಮೊಟ್ಟೆಗಳ ಗೊಂಚಲು ಇಡೀ ದಿನ ಮುಳುಗಿತ್ತು. ಮುಳುಗಿದರೆ ಒಳಗಿನ ಮರಿ ಉಸಿರುಗಟ್ಟಿ ಸಾಯುತ್ತದೆ.

ಇವತ್ತು ಮಗಳು ಒಂದು ಮೊಟ್ಟೆ ಬಿಡಿಸಿ ನೋಡಿದಳು. ಒಳಗೆ ಮರಿ ಸತ್ತಿತ್ತು.

"ನಾನೇ ಸರಿಯಾಗಿ ನೀರು ಚಿಮುಕಿಸ್ಲಿಲ್ಲ ಅನ್ಸುತ್ತೆ ಅಮ್ಮ, ಒಣಗಿಬಿಟ್ಟಿದೆ."

"ಹೋಗ್ಲಿ ಬಿಡು, ಮುಂದಿನ ಸಲ ಹುಷಾರಾಗಿರು," ಅಂದೆ.

ಹುಷಾರಾಗಿರು ಅಂದೆ! ಯಾವ ಬಾಯಲ್ಲಿ ಅಂದೆನೋ.

ಈಗ ದೀಪ ಆರಿಸಲು ಹೋದರೆ ತೊಟ್ಟಿಗೆ ಒಂದು ಚೀಟಿ ಅಂಟಿಸಿದ್ದಾಳೆ: "ಮೊಟ್ಟೆಗೆ ನೀರು ಚಿಮುಕಿಸೋದು ನಾನು ಮರೀತೀನಿ, ನೆನಪಿಸೋಕೆ ಅಮ್ಮಂಗೆ ಹೇಳ್ಬೇಕು. ಅಮ್ಮ ಮರೆಯಲ್ಲ."