ಮೇಂಟೇನರ್ ಎಂಬ ಸಾಲು

೧೮ ಜೂನ್, ಬುಧವಾರ, ವಾಕಡ, ಪುಣೆ

ಶಿವಪ್ರಕಾಶನ ಇವತ್ತಿನ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೋಗುವುದೂ ಬೇಡ. ಆಫೀಸಿನಲ್ಲಿ ಅವನು ನನಗೆ ಸರ್, ಇಲ್ಲಿ ಅವನು ಅಂತಲೇ ಬರೆಯುತ್ತೇನೆ.

ಹೊಸ ಸೆನ್ಸರ್ ಚಿಪ್ಪಿನ ಯಾವ ಪಿನ್ನು ಯಾವುದಕ್ಕೆ, ಎಷ್ಟು ವೋಲ್ಟೇಜು ಎಂದು ಲಿನಕ್ಸ್ ಡ್ರೈವರಿಗೆ ತಿಳಿಸುವ ಬೈಂಡಿಂಗ್ ದಾಖಲೆ ಬರೆದವಳು ನಾನು. ಅದನ್ನು ಲಿನಕ್ಸ್ ನೋಡಿಕೊಳ್ಳುವವರಿಗೆ ಕಳಿಸುವ ದಿನ ಅವನು ಮೇಂಟೇನರ್ ಎಂಬ ಸಾಲಿನಲ್ಲಿ ನನ್ನ ಹೆಸರು ತೆಗೆದು ತನ್ನದು ಹಾಕಿಕೊಂಡ. ನಿಗಡಿಯ ಕನ್ನಡ ಸಂಘದ ಗುಂಪಿಗೂ ಅದರ ಫೋಟೋ ಕಳಿಸಿದ. ಆ ಸಾಲು ಸನ್ಮಾನದ ಜಾಗವಲ್ಲ, ಅನುಮಾನ ಬಂದವರೆಲ್ಲ ಹಿಡಿದು ಕೇಳುವ ವಿಳಾಸ. ನನಗೆ ಗೊತ್ತಿತ್ತು. ಹೇಳಲಿಲ್ಲ.

ಇವತ್ತು ಜರ್ಮನಿಯ ಒಬ್ಬರು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿನಲ್ಲಿ ಅವನನ್ನೇ ಕೇಳಿದ್ದಾರೆ: ಪವರ್ ಕೊಟ್ಟ ಮೇಲೆ ರೀಸೆಟ್ ಪಿನ್ನನ್ನು ಎಷ್ಟು ಹೊತ್ತು ಹಿಡಿದಿಡಬೇಕು? ಚಿಪ್ ಕಂಪನಿಯ ಕೈಪಿಡಿಯಲ್ಲಿ ಅದಿಲ್ಲ. ನಾನು ಅಳೆದಿದ್ದೇನೆ, ದಾಖಲೆಗೆ ಸೇರಿಸೋಣ ಎಂದಾಗ, "ಅದನ್ನೆಲ್ಲಾ ಯಾರ್ ಓದ್ತಾರ, ಬಿಡ" ಅಂದಿದ್ದ. ಅಂಕಿ ಎಷ್ಟೆಂದೂ ಕೇಳಲಿಲ್ಲ.

ಮೂರು ವರ್ಷ "ಏ ಶೈಲಾ" ಎಂದ ಬಾಯಿಗೆ ಇವತ್ತು ರೀ ಬಂತು.

"ಶೈಲಶ್ರೀ ಅವರ, ಇದಕ್ಕ ಏನಂತ ಉತ್ತರ ಬರೀಲ್ರೀ?"

"ಮೇಂಟೇನರ್ ನೀವ ಅಲ್ರೀ ಸರ್? ನಿಮಗ ಗೊತ್ತಿರತದ."

ನಾನು ಹೊರಡುವಾಗ ಲ್ಯಾಬಿನಲ್ಲಿ, ಇಂಥದ್ದನ್ನು ಅಳೆಯುವ ಆಸಿಲೋಸ್ಕೋಪಿನ ಮುಂದೆ ಒಬ್ಬನೇ ನಿಂತಿದ್ದ. ಅದನ್ನು ಆನ್ ಮಾಡುವ ಗುಂಡಿ ಹುಡುಕುತ್ತಿದ್ದ.

ಈಗಷ್ಟೇ ಇದೇ ಡೈರಿಯ ಏಪ್ರಿಲ್ ಮೂರರ ಪುಟ ತೆರೆದು ನೋಡಿದೆ. ಹನ್ನೆರಡು ಮಿಲಿಸೆಕೆಂಡು. ಅಷ್ಟನ್ನು ಅಳೆಯಲು ನನಗೆ ಎರಡು ವಾರ ಹಿಡಿದಿತ್ತು.

ಅವನಿಗೂ ಹಿಡಿಯಲಿ.