ಕದತಟ್ಟಿಯ ಮುಂದೆ ಬರೆದಿದ್ದ ಎರಡು ಶಬ್ದ

…ಹಾವುರಾಣಿಯ ಬಾಲದ ಮಾತಿಗೆ ನಿನ್ನೆ ನಿಲ್ಲಿಸಿದ್ದೆ ಅಲ್ಲವೆ. ಆ ಬಾಲ ಕಳಚಿ ಬಿದ್ದ ಮೇಲೂ ಒಂದಿಷ್ಟು ಹೊತ್ತು ಕುಣಿಯುತ್ತಲೇ ಇರುತ್ತದೆ. ನೋಡುವವನು ಬಾಲವನ್ನೇ ನೋಡುತ್ತ ನಿಲ್ಲುತ್ತಾನೆ, ಅಷ್ಟರಲ್ಲಿ ಪ್ರಾಣಿ ಕಲ್ಲಿನಡಿ ಸೇರಿಕೊಂಡಿರುತ್ತದೆ. ನನ್ನ ನಿನ್ನೆಯ ಪತ್ರವೂ ಹಾಗೇ ಆಯಿತು. ನಾಲ್ಕು ಪುಟ ಬರೀ ಬಾಲ ಕುಣಿಸಿದೆ. ಹೇಳಬೇಕಾದದ್ದು ಕಲ್ಲಿನಡಿಯೇ ಉಳಿಯಿತು. ಇವತ್ತು ಹೇಳಿಬಿಡುತ್ತೇನೆ, ನಾಳೆಗೆ ಇಡುವ ಹಾಗಿಲ್ಲ.

ತಾರೀಖು ಇಸವಿ ೨೨೧೪, ಬಿಟ್ಟ ದಿನ ನಾಲ್ಕು. ಇಂಥ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಹುಡುಕಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದನ್ನು ಮೇ ಮುಗಿದು ಜೂನ್ ಹುಟ್ಟುವುದರ ನಡುವೆ, ಮಳೆ ಬರಲಿ ಅಂತ, ಖಾಲಿ ಬಿಟ್ಟಿದ್ದೇವೆ. ಈ ದಿನಗಳಲ್ಲಿ ಸಭೆ ಇಲ್ಲ, ಕೆಲಸ ಇಲ್ಲ, ಯಾರ ಮೇಲೂ ದೂರು ಇಲ್ಲ. ಯಾವ ತಿಂಗಳಿಗೂ ಸೇರದ ದಿನ ಆದ್ದರಿಂದ ಈಗ ಬರೆದ ಕಾಗದ ಹಿಂದಕ್ಕೂ ಹೋದೀತು ಅಂತ ನಮ್ಮ ಜನರ ನಂಬಿಕೆ. ಇದಕ್ಕೆ ಹಿಂದಂಚೆ ಅನ್ನುತ್ತೇವೆ. ಹೆಚ್ಚಿನವರು ತೀರಿಹೋದ ತಮ್ಮವರಿಗೆ ಬರೆಯುತ್ತಾರೆ. ನಾನು ನಿಮಗೆ, ಅಂದರೆ ಇನ್ನೂರು ವರ್ಷ ಹಿಂದಿನವರಿಗೆ ಬರೆಯುತ್ತಿದ್ದೇನೆ. ಮೈ ಡಿಯರ್ ಸರ್ ಆರ್ ಮೇಡಂ ಅಂತ ಶುರುಮಾಡಬೇಕಿತ್ತೋ ಏನೋ, ಕಾಲೇಜಿನಲ್ಲಿ ಹಾಗೆ ಕಲಿಸಿದ ನೆನಪು. ನನ್ನ ಶಬ್ದಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಶಬ್ದಗಳು ನನಗೆ ವಿಚಿತ್ರವಾದದ್ದರಿಂದಲೇ ಇಷ್ಟೆಲ್ಲ ಆದದ್ದು.

ನನ್ನ ಹೆಸರು ಶೀನ ಮರಕಾಲ. ವಯಸ್ಸು ಅರವತ್ತೊಂಬತ್ತು, ಹೆಂಡತಿ ಗುಲಾಬಿ ತೀರಿಕೊಂಡು ಮೂರು ವರ್ಷ. ನಮ್ಮದು ಕಡಲಿನ ಜನ. ಕಡಲು ಮನೆಯೊಳಗೆ ಬಂದಾಗ ನನ್ನ ಅಜ್ಜನ ಅಜ್ಜ ಮೀನಿನ ಬಲೆ, ದೋಣಿಯ ಹುಟ್ಟು ಎರಡನ್ನೂ ಹೊತ್ತುಕೊಂಡು ಈ ಮಂಜುಕಲ್ಲು ಬೆಟ್ಟಕ್ಕೆ ಹತ್ತಿದರಂತೆ. ಹುಟ್ಟು ಯಾಕೆ ತಂದದ್ದು ಅಂತ ಅವರ ಹೆಂಡತಿ ಸಾಯುವವರೆಗೂ ಕೇಳಿದರಂತೆ. ಬಲೆ ಮಾತ್ರ ಉಪಯೋಗಕ್ಕೆ ಬಂತು. ಬೆಟ್ಟದ ನೆತ್ತಿಯ ಹುಲ್ಲಿನಲ್ಲಿ ಕಂಬ ನೆಟ್ಟು, ಅದೇ ಗಂಟು, ಅದೇ ಹೆಣಿಗೆ, ಬಲೆ ಕಟ್ಟುತ್ತೇವೆ. ಬೆಳಗ್ಗೆ ಮಂಜು ಅದಕ್ಕೆ ಸಿಕ್ಕಿ ನೀರಾಗಿ ಕೆಳಗೆ ಇಟ್ಟ ದೋಣಿಯಂಥ ತೊಟ್ಟಿಗೆ ತೊಟ್ಟಿಕ್ಕುತ್ತದೆ. ಮುನ್ನೂರು ಮನೆ ಹೆಚ್ಚಾಗಿ ಕುಡಿಯುವುದು ಆ ನೀರು. ಇತ್ತೀಚೆಗೆ ಮಂಜು ತೆಳ್ಳಗಾಗಿದೆ. ಬಲೆ ಒಣಗಿದ ದಿನ ಹೆಂಗಸರು ಕೊಡ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ, ಹೋಗಿಬರಲು ಅರ್ಧ ದಿನ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಕೆಟ್ಟವರು ಯಾರೂ ಇಲ್ಲ. ತಪ್ಪು ಮಾಡಿದವನು ಒಬ್ಬ ಇದ್ದಾನೆ, ಅವನೇ ಬರೆಯುತ್ತಿದ್ದಾನೆ.

ಕಡಲಿನವರು ಬೆಟ್ಟದ ಪ್ರಾಣಿಗಳಿಗೆ ಹೆಸರಿಟ್ಟರೆ ಹೇಗಿರುತ್ತದೆ ಅಂತ ನೀವೇ ನೋಡಿ. ಕೊಂಬೆಯ ಮೇಲೆ ಸುರುಳಿ ಸುತ್ತಿ ವಾರಗಟ್ಟಲೆ ಒಂದೇ ಕಡೆ ಕೂರುವ ಹಸಿರು ಮಂಡಲಕ್ಕೆ ನಮ್ಮಲ್ಲಿ ಲಂಗರು ಹಾವು ಅಂತ ಹೆಸರು. ಮಳೆಗೆ ಮಣ್ಣು ಸಡಿಲವಾದಾಗ ಮೇಲೆ ಬರುವ, ಎರೆಹುಳದ ಹಾಗೆ ಕಂಡರೂ ಬಾಯಲ್ಲಿ ಹಲ್ಲಿರುವ, ಕಾಲಿಲ್ಲದ ಕಪ್ಪೆಜಾತಿ ಒಂದಿದೆಯಲ್ಲ, ಅದು ಮಣ್ಣುಮೀನು. ಬಾಲದ ತುದಿಯನ್ನು ಓರೆಯಾಗಿ ಕೊಯ್ದಂತಿರುವ ಬಿಲದ ಹಾವು ಮುರಿದ ಚುಕ್ಕಾಣಿ. ನಿಮ್ಮ ಕಾಲದಲ್ಲಿ ತಪ್ಪಲಿನಲ್ಲಿದ್ದ ಹಲ್ಲಿ, ಓತಿ, ಮರಗಪ್ಪೆಗಳು ಸೆಕೆಗೆ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿ ಈಗ ನಮ್ಮ ಅಡುಗೆಮನೆ ಗೋಡೆಗೆ ಬಂದಿವೆ. ಅವೂ ನಮ್ಮ ಹಾಗೆ ಊರು ಬಿಟ್ಟವು. ಮೊದಲೇ ನೆತ್ತಿಯಲ್ಲಿದ್ದವುಗಳ ಪಾಡು ಬೇರೆ. ನೆತ್ತಿಯ ಮೇಲೆ ಹತ್ತಲಿಕ್ಕೆ ಇನ್ನೊಂದು ಬೆಟ್ಟ ಇಲ್ಲ.

ಅಂಥದ್ದರಲ್ಲಿ ಒಂದು ಕದತಟ್ಟಿ. ಹೆಬ್ಬೆರಳಿನ ಉಗುರಿನಷ್ಟು ಕಪ್ಪೆ, ಒದ್ದೆ ಕಲ್ಲಿನದೇ ಬಣ್ಣ. ಹರಿಯುವ ನೀರಿನ ಎರಚಲು ವರ್ಷವಿಡೀ ಬೀಳುವ ಕಲ್ಲಿನ ಸಂದೇ ಅದರ ಮನೆ. ನೀರಿನ ಮೇಲೆ ಬಾಗಿದ ಎಲೆಗೆ ಮೊಟ್ಟೆ ಅಂಟಿಸುತ್ತದೆ, ಗಂಡು ಪಕ್ಕದಲ್ಲೇ ಕಾವಲು. ಮರಿ ಎಲೆಯಿಂದ ಜಾರಿ ನೀರಿಗೆ ಬೀಳಬೇಕು, ಕೆಳಗೆ ನೀರಿಲ್ಲದಿದ್ದರೆ ಬರೀ ಕಲ್ಲಿಗೆ ಬೀಳುತ್ತದೆ. ಸಂಜೆ ಬೆಳಕು ಮಾಸುವಾಗ ಟಕ್ ಟಕ್ ಅಂತ ಎರಡೇ ಸಲ ಕೂಗುತ್ತದೆ. ಆಮೇಲೆ ನಿಲ್ಲಿಸುತ್ತದೆ. ಬಾಗಿಲು ತಟ್ಟಿ, ಒಳಗಿನವರು ಏಳಲಿ ಅಂತ ಕಾಯುವವರ ಹಾಗೆ. ಮತ್ತೆ ಎರಡು ಸಲ. ನಾವು ಕಂಡಂತೆ ಅದು ಇದ್ದದ್ದು ಎರಡೇ ಹಳ್ಳಗಳಲ್ಲಿ. ಬಡಗಣ ಹಳ್ಳದ ಕತೆ ಹನ್ನೆರಡು ವರ್ಷದ ಹಿಂದೆ ಮುಗಿಯಿತು. ಈಗ ನಾನು ಕೂತಿರುವುದು ತೆಂಕಣ ಹಳ್ಳದ ದಡದ ಚಪ್ಪಟೆ ಬಂಡೆಯ ಮೇಲೆ. ಸ್ವಲ್ಪ ಹೊತ್ತಿಗೊಮ್ಮೆ ಎದ್ದು ದಾರಿ ನೋಡಿ ಬಂದು ಕೂರುತ್ತಿದ್ದೇನೆ. ಸಾಲು ಅಲ್ಲಲ್ಲಿ ಓರೆಯಾದದ್ದು ಅದಕ್ಕೆ.

ನಾನೂ ಗುಲಾಬಿಯೂ ಜೋಡಿಕಿವಿ ಆಗಿದ್ದೆವು. ಅದೊಂದು ಹುದ್ದೆ. ಇಬ್ಬರು ಒಟ್ಟಿಗೆ ಹಳ್ಳದ ಬದಿ ಕೂತು, ಯಾವ ಕಪ್ಪೆ ಕೂಗಿತು, ಯಾವ ಹಾವು ಕಂಡಿತು ಅಂತ ಬರೆದಿಡಬೇಕು. ಒಬ್ಬರ ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ, ಇಬ್ಬರೂ ಕೇಳಿರಬೇಕು. ಗಂಡಹೆಂಡಿರನ್ನೇ ಯಾಕೆ ಆರಿಸುತ್ತಾರೆ ಅಂದರೆ, ಅವರು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಮ್ಮನೆ ಒಪ್ಪುವುದಿಲ್ಲ ಅಂತ. ನಮ್ಮ ಮಟ್ಟಿಗೆ ಅದು ನಿಜವೇ ಆಗಿತ್ತು. ಅವಳು ಹೋದ ಮೇಲೆ ನನ್ನ ಹೆಸರೂ ಪಟ್ಟಿಯಿಂದ ಹೋಯಿತು. ಮೂರು ವರ್ಷದಿಂದ ತೆಂಕಣ ಹಳ್ಳದ ಪುಟ ಖಾಲಿ. ನಾನೊಬ್ಬನೇ ಬಂದು ಕೂರುವುದುಂಟು. ಎರಡು ಸಲ ಕೇಳಿತು. ಕೇಳಿತು ಅಂತ ಅನ್ನಿಸಿತು. ಅದು ಕಪ್ಪೆಯೋ, ಕಿವಿಯ ಹಳೇ ಅಭ್ಯಾಸವೋ, ಪಕ್ಕದಲ್ಲಿ ಜಗಳ ತೆಗೆಯುವವರಿಲ್ಲದೆ ಗೊತ್ತಾಗುವುದು ಹೇಗೆ?

ಇನ್ನು ತಪ್ಪಿನ ವಿಷಯ. ಯಾವುದೇ ಹಳ್ಳದ ನೀರನ್ನು ಪೈಪಿಗೆ ಹಾಕಿ ಊರಿಗೆ ತರುವ ಮೊದಲು ನಿಮ್ಮ ಕಾಲದ ಪುಸ್ತಕ ನೋಡಬೇಕು ಅಂತ ನಮ್ಮಲ್ಲಿ ಕಟ್ಟಳೆ ಇದೆ. ಇಲ್ಲಿ ಏನೇನು ವಾಸವಿತ್ತು, ಅದರ ಬಗ್ಗೆ ತಿಳಿದವರು ಏನು ಬರೆದರು ಅಂತ. ಬೆಟ್ಟದ ಕಪ್ಪೆ ಹಾವುಗಳ ಅಂಥ ಒಂದು ಪಟ್ಟಿ ನಮ್ಮ ಸಭೆಯ ಪೆಟ್ಟಿಗೆಯಲ್ಲಿದೆ, ಪೂರ್ತಿ ಇಂಗ್ಲಿಷಿನಲ್ಲಿ. ಊರಿನಲ್ಲಿ ಇಂಗ್ಲಿಷ್ ಕಲಿತವನು ನಾನೊಬ್ಬನೇ. ಕಾಲೇಜಿನಲ್ಲಿ ಮೂರು ವರ್ಷ. ನಮ್ಮ ಮೇಷ್ಟ್ರು ಅದನ್ನು ಯಾರ ಬಾಯಲ್ಲೂ ಕೇಳಿದವರಲ್ಲ, ಪುಸ್ತಕದಿಂದ ಪುಸ್ತಕಕ್ಕೆ ಕಲಿತವರು. ನಾನು ಅವರಿಂದ ಅರ್ಧ ಕಲಿತೆ, ಅದರಲ್ಲಿ ಅರ್ಧ ಮರೆತೆ. ಹನ್ನೆರಡು ವರ್ಷದ ಹಿಂದೆ ಬಡಗಣ ಹಳ್ಳದ ಮಾತು ಬಂದಾಗ ಸಭೆ ನನ್ನನ್ನು ಕರೆಯಿತು. ಪಟ್ಟಿಯಲ್ಲಿ ಕದತಟ್ಟಿಯ ಚಿತ್ರದ ಮುಂದೆ ಎರಡೇ ಶಬ್ದ: ಡೇಟಾ ಡಿಫಿಶಿಯೆಂಟ್. ಡೇಟಾ ಅಂದರೆ ಮಾಹಿತಿ, ಅದು ನೆನಪಿತ್ತು. ಇನ್ನೊಂದು ಶಬ್ದ ಕಾಲೇಜಿನ ಯಾವುದೋ ಪಾಠದಲ್ಲಿ ಕಂಡದ್ದೇ. ಫಿಶಿಯೆಂಟ್, ಸಫಿಶಿಯೆಂಟ್, ಸಾಕಷ್ಟು. ಮುನ್ನೂರು ಮನೆಯವರ ಎದುರು ಎದ್ದು ನಿಂತು ಓದಿದೆ, ಮಾಹಿತಿ ಸಾಕಷ್ಟಿದೆ ಅಂತ. ಜನ ನಿಟ್ಟುಸಿರು ಬಿಟ್ಟರು. ತಿಳಿದವರು ಸಾಕಷ್ಟು ತಿಳಿದು ಬರೆದಿದ್ದಾರೆ ಅಂದಮೇಲೆ ಅದು ಬೇರೆ ಕಡೆಯೂ ಬೇಕಾದಷ್ಟು ಇರಬೇಕು, ಒಂದು ಹಳ್ಳ ಹೋದರೆ ಹೋಗಲಿ ಅಂತ ತೀರ್ಮಾನವಾಯಿತು. ಆ ಸಂಜೆ ನನಗೆ ಬೆಲ್ಲ ಹಾಕಿದ ಚಹಾ ಕೊಟ್ಟರು.

ಮನೆಗೆ ಬರುವಾಗ ಗುಲಾಬಿ ದಾರಿಯುದ್ದ ಒಂದೇ ಪ್ರಶ್ನೆ ಕೇಳಿದಳು. ಸಾಕಷ್ಟು ಗೊತ್ತಿದ್ದವರು ಎರಡೇ ಶಬ್ದ ಬರೆದು ಯಾಕೆ ಬಿಟ್ಟರು, ಲಂಗರು ಹಾವಿಗಾದರೆ ಅರ್ಧ ಪುಟ ಉಂಟಲ್ಲ ಅಂತ. ನಾನು ಗದರಿಸಿದೆ. ಇಂಗ್ಲಿಷ್ ಗೊತ್ತಿಲ್ಲದವರು ಮಾತಾಡಬಾರದು ಅಂದೆ. ಅವಳು ಬಿಡುವ ಪೈಕಿ ಅಲ್ಲ. "ಹ್ವಾಯ್, ನನಗೆ ಇಂಗ್ಲಿಷ್ ಬರುದಿಲ್ಲ. ನಿಮಗೆ ಬತ್ತಾ?" ಅಂದಳು. ನಾನು ಎರಡು ದಿನ ಮಾತು ಬಿಟ್ಟೆ.

ಪೈಪ್ ಹಾಕಿದ ಮರುವರ್ಷ ಬಡಗಣ ಹಳ್ಳದ ಕಲ್ಲುಗಳು ಬಿಳಿಚಿದವು. ಬೇಸಿಗೆಗೂ ನಾವಿಬ್ಬರೂ ಹೋಗಿ ಕೂತೆವು, ಮಳೆಗೂ ಕೂತೆವು. ಯಾರೂ ತಟ್ಟಲಿಲ್ಲ.  

ಕಳೆದ ವಾರ ಅವಳ ಪೆಟ್ಟಿಗೆ ತೆಗೆದೆ. ಮೂರು ವರ್ಷದಲ್ಲಿ ಮೊದಲ ಸಲ. ಗಾಳಿಗೆ ಹಾಕೋಣ ಅಂತ ಸೀರೆ ಎತ್ತಿದರೆ ಮಡಿಕೆಯಲ್ಲಿ ಆಸ್ಪತ್ರೆಯ ಹಳೇ ಚೀಟಿ. ಅವಳಿಗೆ ರಕ್ತ ಕಡಿಮೆ ಇತ್ತು, ನರ್ಸಮ್ಮ ಸೊಪ್ಪು ತಿನ್ನಿ ಅಂತ ಬಾಯಲ್ಲೇ ಹೇಳಿ ಕಳಿಸಿದ್ದರು, ಚೀಟಿಯನ್ನು ನಾನು ಓದಿರಲಿಲ್ಲ. ಎರಡು ಭಾಷೆಯಲ್ಲಿ ಅಚ್ಚಾದ ಚೀಟಿ. ಮೇಲೆ ಐರನ್ ಡಿಫಿಶಿಯೆಂಟ್. ಕೆಳಗೆ ಕನ್ನಡದಲ್ಲಿ, ಕಬ್ಬಿಣಾಂಶದ ಕೊರತೆ. ಕೊರತೆ.  ಸಾಕಷ್ಟಿದೆ ಅಲ್ಲ, ಸಾಲದು. ಈ ಕಪ್ಪೆಯ ಬಗ್ಗೆ ನಮಗೆ ಏನೂ ಸಾಲದು, ಯಾರಾದರೂ ಹೋಗಿ ನೋಡಿ ಅಂತ ನೀವು ಬರೆದಿದ್ದಿರಿ. ನೀವು ಸಹಾಯ ಕೇಳಿದ್ದನ್ನು ನಾನು ಅನುಮತಿ ಅಂತ ಓದಿ ಹೇಳಿದ್ದೆ.

ಬಡಗಣ ಹಳ್ಳದ ಪೈಪಿನ ನೀರು ಈಗ ಸಾಲುತ್ತಿಲ್ಲ, ಅದಕ್ಕೆ ಜೂನ್ ಒಂದರಂದು, ಅಂದರೆ ನಾಡಿದ್ದು, ತೆಂಕಣ ಹಳ್ಳವೂ ಪೈಪಿಗೆ ಹೋಗುತ್ತದೆ. ಹನ್ನೆರಡು ವರ್ಷದ ಹಿಂದಿನ ನನ್ನ ಅದೇ ಓದಿನ ಮೇಲೆ, ಜೊತೆಗೆ ಮೂರು ವರ್ಷದ ಖಾಲಿ ಪುಟದ ಮೇಲೆ. ಚೀಟಿ ಹಿಡಿದು ನೀರುಗಂಟಿ ವಾರಿಜಕ್ಕನ ಮನೆಗೆ ಓಡಿದೆ. ನೀರನ್ನು ಮನೆಮನೆಗೆ ಹಂಚುವ ಜವಾಬ್ದಾರಿ ಅವರದು. ಮನೆ ಎದುರು ಕೊಡಗಳ ಸಾಲು ಇತ್ತು. ನಾನು ಜನರ ಎದುರೇ ಎಲ್ಲ ಹೇಳಿದೆ. ಕೊಡ ಹಿಡಿದ ಒಬ್ಬಳು, ಪಂಡಿತರಿಗೆ ಈಗ ಜ್ಞಾನೋದಯ ಆಯ್ತು ಅಂದಳು. ಇನ್ನೊಬ್ಬಳು, ಹಾಗಾದ್ರೆ ನಮ್ಮ ಬಾಯಾರಿಕೆ ಸಫಿಶಿಯೆಂಟಾ ಡಿಫಿಶಿಯೆಂಟಾ ಅಂತ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ಬೇರೆ ಏನು ಮಾಡಲಿ. ವಾರಿಜಕ್ಕ ನಗಲಿಲ್ಲ. ಬಿಟ್ಟ ದಿನ ಶುರುವಾಗಲಿಕ್ಕೆ ಒಂದು ದಿನ ಇರುವಾಗ ಬಂದಿರಲ್ಲ, ಸಭೆ ಕರೆಯುವುದು ಎಲ್ಲಿಂದ ಅಂದರು. ಪುಸ್ತಕ ಏನೇ ಹೇಳಲಿ, ಅಲ್ಲಿ ಕಪ್ಪೆಯೇ ಇಲ್ಲದಿದ್ದರೆ ನೀರನ್ನು ಕಲ್ಲಿಗೆ ಬಿಡುವುದು ಯಾಕೆ ಅಂತಲೂ ಕೇಳಿದರು. ನ್ಯಾಯವಾದ ಮಾತು. ಕಪ್ಪೆ ಇದೆ ಅಂತಾದರೆ ನಮ್ಮ ಕಟ್ಟಳೆಯ ಪ್ರಕಾರ ಹಳ್ಳ ಇನ್ನೊಂದು ವರ್ಷ ಹರಿಯಲು ಬಿಟ್ಟು, ಹೊಸ ಬಲೆ ಕಟ್ಟಿ ನೋಡಬಹುದು, ಅದಕ್ಕೆ ಸಭೆ ಬೇಡ, ನೀರುಗಂಟಿಯ ಸಹಿ ಸಾಕು. ಆದರೆ ಎರಡನೆಯ ಕಿವಿ ಬೇಕಲ್ಲ. ವಾರಿಜಕ್ಕ ಎದುರಿನ ಕೊಡ ತುಂಬಿಸಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು:

"ನಾಲ್ಕನೇ ದಿನ ಸಂಜೆ ನಾನೇ ಬರ್ತೇನೆ ಶೀನಣ್ಣ. ಕೇಳಿದ್ರೆ ಕೇಳಿತು ಅಂತ ಬರೀತೇನೆ. ಕೇಳದಿದ್ರೆ ಮತ್ತೆ ನೀವು ಬಾಯಿ ಬಿಡ್ಲಿಕ್ಕಿಲ್ಲ."

ಆಗಲಿ ಅಂದೆ. ಇವತ್ತೇ ಆ ಸಂಜೆ.

ಈಗ ನಿಮ್ಮಲ್ಲಿ ಒಂದು ಕೋರಿಕೆ. ನೀವು ಬೆಟ್ಟ ಹತ್ತಿ, ಕಲ್ಲು ಎತ್ತಿ ನೋಡಿ, ಪಟ್ಟಿ ಮಾಡುವವರು. ನಿಮಗೆ ಒಂದು ಪ್ರಾಣಿಯ ವಿಷಯ ತಿಳಿಯದೆ ಹೋದರೆ ದಯವಿಟ್ಟು ಎರಡು ಗಟ್ಟಿ ಶಬ್ದದಲ್ಲಿ ಮುಚ್ಚಿಡಬೇಡಿ. ನಮಗೆ ಗೊತ್ತಿಲ್ಲ ಅಂತ ಬರೆಯಿರಿ, ಬೆಟ್ಟದ ಬುಡದಲ್ಲಿರುವವರು ಆಡುವ ಮಾತಿನಲ್ಲಿ. ಯಾವ ಹಳ್ಳದಲ್ಲಿ ನೋಡಿದಿರಿ, ಯಾವುದಕ್ಕೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ, ಜಿಗಣೆಯ ಕಾಟವೋ, ಕತ್ತಲಾಯಿತೋ, ಅದನ್ನೂ ಬರೆಯಿರಿ. ಆಮೇಲೆ ಇನ್ನೊಮ್ಮೆ ಹೋಗಿ. ನಿಮ್ಮ ಕಾಲದಲ್ಲಿ ಈ ಬೆಟ್ಟದಲ್ಲಿ ಎಷ್ಟೋ ಹಳ್ಳಗಳಿದ್ದುವಂತೆ. ಕದತಟ್ಟಿ ಎಲ್ಲೆಲ್ಲಿ ತಟ್ಟುತ್ತಿತ್ತು ಅಂತ ಒಬ್ಬರಾದರೂ ಕೂತು ಕೇಳಿ ಬರೆದಿಟ್ಟಿದ್ದರೆ ನನ್ನಂಥ ಅರೆಬರೆಯವನ ಓದಿನ ಮೇಲೆ ಅದರ ಬದುಕು ನಿಲ್ಲುತ್ತಿರಲಿಲ್ಲ. ನಿಮ್ಮನ್ನು ದೂರುತ್ತಿಲ್ಲ. ನಾನು ಪಕ್ಕದಲ್ಲಿದ್ದವಳ ಒಂದು ಪ್ರಶ್ನೆಯನ್ನೇ ಕೇಳಿಸಿಕೊಂಡವನಲ್ಲ.

ಇನ್ನೊಂದು ಹೇಳಿಬಿಡಬೇಕು. ಕದತಟ್ಟಿಯ ಕೂಗು ಕಷ್ಟದ್ದಲ್ಲ. ಎರಡು ಬೆಣಚುಕಲ್ಲು ತಾಗಿಸಿದರೆ ಅದೇ ಸದ್ದು ಬರುತ್ತದೆ. ಬೆಳಗ್ಗಿನಿಂದ ನಾನು ಅಂಗಳದಲ್ಲಿ ತಟ್ಟಿ ತಟ್ಟಿ ನೋಡಿದ್ದೇನೆ, ಬಂಡೆಯ ಮರೆಯಲ್ಲಿ ಕೈ ಇಟ್ಟರೆ ವಾರಿಜಕ್ಕನಿಗೆ ಮಾತ್ರವಲ್ಲ, ಕಪ್ಪೆಗೂ ಗುರುತಾಗದು. ಅಂಗಿಯ ಜೇಬಿನಲ್ಲಿ ಹಾಕಿಕೊಂಡೇ ಇಲ್ಲಿಗೆ ಬಂದೆ. ಇಷ್ಟು ಬರೆದ ಮೇಲೆ ಎದ್ದು ಹೋಗಿ ಎರಡನ್ನೂ ನೀರಿಗೆ ಬಿಟ್ಟು ಬಂದಿದ್ದೇನೆ. ಇಲ್ಲದ್ದನ್ನು ಇದೆ ಅಂತ ಒಮ್ಮೆ ಓದಿಯಾಗಿದೆ.

ದಾರಿಯಲ್ಲಿ ವಾರಿಜಕ್ಕ ಬರುತ್ತಿದ್ದಾರೆ. ಸದ್ದಾಗದಿರಲಿ ಅಂತ ಚಪ್ಪಲಿ ಕೈಯಲ್ಲಿ ಹಿಡಿದಿದ್ದಾರೆ. ಅಕ್ಷರದ ಮೇಲೆ ಅಕ್ಷರ ಕೂರುತ್ತಿದೆ, ಈ ಸಾಲು ನಿಮಗೆ ಓದಲಿಕ್ಕಾಗುತ್ತದೋ ಇಲ್ಲವೋ, ಬೆಳಕು ಹೋಗುತ್ತಿದೆ. ಪೆನ್ನಿನ ಸದ್ದೂ ಸದ್ದೇ, ನಿಲ್ಲಿಸುತ್ತೇನೆ. ಎರಡೂ ಕೈಯನ್ನು ಮೊಣಕಾಲ ಮೇಲೆ, ಅವರಿಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತೇನೆ.